ಗುರುಬಸಮ್ಮ ಜಡಿದ ಬೀಗ

ನಮ್ಮತ್ತೆ ಗುರುಬಸಮ್ಮನ ಹಟ ತಾಂಡವಪುರಕ್ಕೆಲ್ಲ ಗೊತ್ತು. ವಯಸ್ಸು ಎಪ್ಪತ್ತೆಂಟಾದರೂ ಇವತ್ತಿನವರೆಗೆ ದಾಯಾದಿ ಮಹದೇವಯ್ಯನವರ ಮನೆಯ ಒಂದು ಲೋಟ ನೀರು ಮುಟ್ಟಿದವರಲ್ಲ. ಸೊಸೆಯಾಗಿ ಬಂದ ದಿನವೇ ಈ ದ್ವೇಷ ಅವರ ಮಡಿಲಿಗೆ ಬಿದ್ದಿತ್ತು.

ನಂಜನಗೂಡಿಗೆ ರೈಲು ಬರುವ ಕಾಲದಲ್ಲಿ ಅಣ್ಣತಮ್ಮ ಇಬ್ಬರು ಹೊಲ ಹಂಚಿಕೊಂಡರಂತೆ. ಅಣ್ಣ ಪಾಲು ಮಾಡಬೇಕು, ತಮ್ಮ ಮೊದಲು ಆರಿಸಬೇಕು. ಅದು ಮನೆತನದ ಪದ್ಧತಿ. ಅಣ್ಣ ಎಂಥ ಕಿಲಾಡಿ ನೋಡಿ! ರೈಲ್ವೆ ಅಳತೆಯವರ ಹಿಂದೆ ಗುರುತಿನ ಕಲ್ಲು ಹೊತ್ತು, ಹಳಿ ಎಲ್ಲಿ ಬೀಳುತ್ತದೆಂದು ತಿಳಿದುಕೊಂಡೇ ಪಾಲು ಮಾಡಿದ್ದ. ತಮ್ಮ ಬಾವಿಯಿದ್ದ ಪಾಲು ನೋಡಿ ಆರಿಸಿದ. ಮರುವರ್ಷ ಹಳಿ ಬಿದ್ದಾಗ ಬಾವಿ ಅದರ ಈಚೆ, ಹೊಲದ ಮುಕ್ಕಾಲು ಪಾಲು ಆಚೆ. ತಮ್ಮನ ಹೆಂಡತಿ ಚಲುವಮ್ಮ ಸಸಿಗೆ ನೀರು ಹೊರುತ್ತ ರೈಲಿಗೆ ಸಿಕ್ಕಿ ಸತ್ತಳು. ನಾವು ಆ ತಮ್ಮನ ವಂಶ, ಮಹದೇವಯ್ಯನವರು ಅಣ್ಣನದು.

ಈ ವರ್ಷ ಮಹದೇವಯ್ಯ ತೀರಿಕೊಂಡರು. ಅವರ ಹಿರಿಯರ ಸಮಾಧಿಗಳೆಲ್ಲ ಹಳಿಯಾಚೆ ಇವೆ. ಈಚೆಗೆ ಹಳಿಯ ಕೆಳಗೆ ಮಾಡಿದ ದಾರಿಗೆ ಇಳಿಯಬೇಕಾದರೆ ನಮ್ಮ ಹೊಲವನ್ನೇ ತುಳಿಯಬೇಕು. ಅತ್ತೆ ಬೇಲಿಯ ಗೇಟಿಗೆ ಬೀಗ ಜಡಿದು ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು. ಸುಳ್ಳೇಕೆ, ನನಗೂ ಖುಷಿಯಾಯಿತು.

ಮಹದೇವಯ್ಯನವರ ಹೆಂಡತಿ ಮರಿತಾಯಮ್ಮ ಬಂದು ಕೈ ಮುಗಿದರು. "ಅಕ್ಕಾ, ಇದೊಂದ್ ದಪ ದಾರಿ ಬುಡಕ್ಕ."

"ಚಲುವಮ್ಮ ದಾಟ್ದಂಗೇ ಹಳಿ ಮ್ಯಾಲೆ ದಾಟ್ಕಂಡ್ ಓಗಿ," ಎಂದರು ಅತ್ತೆ.

ದಾಟಲು ಹೊರಟೇಬಿಟ್ಟರು. ಹೂವಿನ ವಿಮಾನ ಕಟ್ಟಿ, ಆ ಚಟ್ಟದಲ್ಲಿ ಮಹದೇವಯ್ಯನವರ ಹೆಣ ಕೂರಿಸಿ, ಹೊತ್ತುಕೊಂಡು ಜಲ್ಲಿಕಲ್ಲು ಹತ್ತಿದರು. ಮುಂದೆ ಹೆಗಲು ಕೊಟ್ಟಿದ್ದವರು ಬೇರೆ ಯಾರೂ ಅಲ್ಲ, ನನ್ನ ಗಂಡ ನಂಜೇಶ್! ಅಷ್ಟರಲ್ಲಿ ರೈಲು ಕೂಗಿತು. ಅತ್ತೆ ಓಡಿದರು. ಬೀಗ ತೆಗೆದು, "ಮಗಾ, ಬಾರ್ಲಾ! ಇಲ್ಲಿಂದ ಓಗ್ರೋ!" ಎಂದು ಅರಚಿದರು. ಒಬ್ಬರೂ ತಿರುಗಲಿಲ್ಲ. ಅವರು ಆಚೆ ಇಳಿದ ಹಿಂದೆಯೇ ರೈಲು ಹಾದುಹೋಯಿತು.

ಸಂಜೆ ಮಗ ಬಂದಾಗ ಅತ್ತೆಯೇ ಕಾಲು ತೊಳೆಯಲು ಚೊಂಬಿನಲ್ಲಿ ನೀರು ಹಿಡಿದು ಬಾಗಿಲಿಗೆ ಹೋದರು.

"ಅವ್ರ ಮನೇಲೇ ಸ್ನಾನ ಮಾಡಿ, ಉಂಡ್ಕಂಡ್ ಬಂದೆ ಕಣವ್ವ," ಎಂದರು ನಂಜೇಶ್.

ಅತ್ತೆಯ ಮುಖ ಮತ್ತೆ ಗಂಟಾಯಿತು. ನೀರನ್ನು ಅಂಗಳಕ್ಕೆ ಚೆಲ್ಲಿದರು. "ಅಂಗಾದ್ರೆ ನಾ ಸತ್ತಾಗ ನೀ ಎಗಲು ಕೊಡ್ಬ್ಯಾಡ."

"ಬುಡವ್ವ. ಮರಿತಾಯಮ್ಮ ಆಗ್ಲೇ ಹೇಳವ್ರೆ, ಅವ್ರ ಮಕ್ಳೇ ನಿನ್ನ ಹೊತ್ಕಂಡ್ ಓಗ್ತಾರಂತೆ."