ಬ್ಯಾರನ್ ಮೊಳೆಗೆ ತೂಗುಹಾಕಿದ ಫೋನು

ಬೀರಮ್ಮನ ಬಗ್ಗೆ ಬರೆಯಲು ಕೂತರೆ ಮೊದಲು ನನ್ನ ಹೊಟ್ಟೆಕಿಚ್ಚಿನ ವಿಷಯವನ್ನೇ ಹೇಳಬೇಕಾಗುತ್ತದೆ. ಅದಿಲ್ಲದೆ ನಾನು ಅವಳನ್ನು ಒಂದು ದಿನವೂ ನೋಡಿದವಳಲ್ಲ.

ನಾನು ಮೈಸೂರಿನಲ್ಲಿ ಓದಿದವಳು. ಮದುವೆಯಾಗಿ ಬಂದದ್ದು ಬಿಳಿಕೆರೆಯಿಂದ ಮೂರು ಮೈಲಿ ಒಳಗಿರುವ ಈ ಊರಿಗೆ. ಗಂಡ ಯತೀಶ್ ಹುಣಸೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾರೆ, ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಮನೆಯಲ್ಲಿ ಉಳಿಯುವವರು ಅತ್ತೆ ಸುನಂದಮ್ಮ, ನಾನು ಮತ್ತು ಎರಡು ವರ್ಷದ ಮಗಳು ಚಿನ್ನು. ಚಿನ್ನು ಊಟ ಮಾಡುವುದಿಲ್ಲ. ಇದೊಂದೇ ನನ್ನ ಬದುಕಿನ ಸುದ್ದಿಯಾಗಿತ್ತು. ಮೂರು ತಿಂಗಳಿಂದ ಅವಳ ತೂಕ ಒಂಬತ್ತು ಕೆಜಿ ದಾಟಿರಲಿಲ್ಲ. ಡಾಕ್ಟರು ಗೌರಿ ಹಬ್ಬ ಕಳೆದ ಮೇಲೆ ಇನ್ನೊಮ್ಮೆ ಕರೆತರಲು ಹೇಳಿದ್ದರು. ಆಗಲೂ ಏರದಿದ್ದರೆ ರಕ್ತ ತೆಗೆಯಬೇಕು, ಸ್ಕ್ಯಾನ್ ಮಾಡಿಸಬೇಕು ಎಂದಿದ್ದರು. ಆ ದಿನದಿಂದ ನಾನು ಮಗುವಿನ ತೋಳನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಹಿಡಿದು ನೋಡುತ್ತಿದ್ದೆ. ಅತ್ತೆ ನೋಡಿ, “ಬದ್ನೇಕಾಯಿ ಆರುಸ್ದಂಗೆ ಅಮುಕ್ಬೇಡ ಕಣಮ್ಮ, ಮಗ ಅದು,” ಎನ್ನುತ್ತಿದ್ದರು.

ಊರಿನ ತಾಯಂದಿರಿಗೆ ಒಂದು ವಾಟ್ಸ್ಆ್ಯಪ್ ಗುಂಪು ಮಾಡಬೇಕೆಂಬ ಯೋಚನೆ ನನ್ನದೇ. ಅದಕ್ಕೆ ‘ಚಿಣ್ಣರ ತಟ್ಟೆ’ ಎಂದು ಹೆಸರಿಟ್ಟೆ. ಮನೆಮನೆಗೆ ಹೋಗಿ ನಂಬರು ತಂದೆ. ಇಪ್ಪತ್ತಾರು ಜನ ಸೇರಿದರು. ಗುಂಪಿನ ಚಿತ್ರಕ್ಕೆ ಚಿನ್ನುವಿನ ಫೋಟೊ ಹಾಕಿದೆ. ಹಳದಿ ಲಂಗದಲ್ಲಿ ನಗುತ್ತಿರುವುದು, ನನ್ನ ಸ್ವಂತ ನಂಬರಿನ ಮೇಲೂ ಅದೇ ಇತ್ತು. ಆಮೇಲೆ ಐದು ನಿಯಮ ಬರೆದೆ. ಶುಭೋದಯ ಕಳಿಸಬಾರದು, ಸುಳ್ಳು ಸುದ್ದಿ ಹಂಚಬಾರದು, ಮಕ್ಕಳ ಊಟ ಆರೋಗ್ಯದ ವಿಷಯ ಮಾತ್ರ, ಹೀಗೆ. ವಾರಕ್ಕೊಂದು ಕೋಷ್ಟಕ ಮಾಡಿ ಹಾಕುತ್ತಿದ್ದೆ. ಸೋಮವಾರ ಏನು ಉಣಿಸಬೇಕು, ಎಷ್ಟು ಚಮಚ, ಯಾವ ಹೊತ್ತಿಗೆ. ಒಂದೊಂದು ಕೋಷ್ಟಕಕ್ಕೂ ಎರಡು ಗಂಟೆ ಹಿಡಿಯುತ್ತಿತ್ತು. ಯಾರೂ ಒಂದು ಮಾತನ್ನೂ ಆಡುತ್ತಿರಲಿಲ್ಲ. ಅಂಗನವಾಡಿ ಸಹಾಯಕಿ ವೀರಮ್ಮ ಮಾತ್ರ ಕೈಮುಗಿಯುವ ಗುರುತು ಒತ್ತುತ್ತಿದ್ದಳು.

ಆಷಾಢ ಕಳೆಯುತ್ತಿದ್ದಂತೆ ಹೊಗೆಸೊಪ್ಪು ಮುರಿಯುವ ಕೆಲಸ ಜೋರಾಯಿತು. ನಮ್ಮೂರಲ್ಲಿ ರುದ್ರಸ್ವಾಮಿಯವರ ಬ್ಯಾರನ್ನೇ ದೊಡ್ಡದು. ಹಸಿ ಎಲೆಯನ್ನು ಬಿದಿರ ಕಡ್ಡಿಗೆ ದಾರದಲ್ಲಿ ಕಟ್ಟಿ, ಆ ಮಣ್ಣಿನ ಗೂಡಿನೊಳಗೆ ಸಾಲಾಗಿ ಏರಿಸಿ, ಕೆಳಗಿನ ಕೊಳವೆಗಳಲ್ಲಿ ಬೆಂಕಿಯ ಕಾವು ಹಾಯಿಸಿ ಬೇಯಿಸುತ್ತಾರೆ. ಕಟ್ಟುವವರೆಲ್ಲ ಹೆಂಗಸರು. ಎಲೆಯ ಅಂಟು ಮೆತ್ತಿ ಅವರ ಕೈ ಕಪ್ಪಾಗಿ ಟಾರಿನಂತಾಗುತ್ತದೆ. ಆ ಕೈಯಲ್ಲಿ ಫೋನು ಮುಟ್ಟುವ ಹಾಗಿಲ್ಲ. ನನ್ನ ಗುಂಪಿನ ಹತ್ತು ಹನ್ನೆರಡು ತಾಯಂದಿರು ಅಲ್ಲಿಗೆ ಹೋಗುತ್ತಿದ್ದರು. “ನಮ್ ಫೋನ್ ಅಟ್ಟೀಲಿರ್ತವೆ ಅಕ್ಕ. ಬೀರಕ್ಕನ ನಂಬರ್ ಸೇರುಸ್ಬುಡಿ, ಅಲ್ಲೇ ಎಲ್ರೂ ಕೇಳ್ಕತೀವಿ,” ಎಂದರು. ಬೀರಮ್ಮನ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಚಪ್ಪರದ ಕಂಬದ ಮೊಳೆಗೆ ತೂಗುಹಾಕುವುದು ಅಲ್ಲಿನ ರೂಢಿಯಂತೆ. ಅವಳ ಗಂಡ ಕಂಠಪ್ಪ ಒಲೆಗೆ ಸೌದೆ ಒಡ್ಡುವವನು. ಅವನ ಕೈಗೆ ಬರೀ ಬೂದಿ, ಅಂಟಿರುವುದಿಲ್ಲ. ಆದ್ದರಿಂದ ಫೋನು ಒತ್ತುವ ಕೆಲಸ ಅವನದು. ಓದು ಬಾರದು, ಚಿತ್ರ ನೋಡಿ ಒತ್ತುತ್ತಾನೆ.

ನಾನು ಬೀರಮ್ಮನನ್ನು ಸೇರಿಸಿದೆ. ಆಗಿನ್ನೂ ಹತ್ತಿರದಿಂದ ಕಂಡಿರಲಿಲ್ಲ, ಐವತ್ತು ದಾಟಿದವಳು, ಮಕ್ಕಳಿಲ್ಲದವಳು ಎಂದಷ್ಟೇ ಕೇಳಿದ್ದೆ. ಇವಳಿಗೆ ಈ ಗುಂಪಿನಲ್ಲೇನು ಕೆಲಸ ಎಂದುಕೊಂಡೇ ಸೇರಿಸಿದೆ.

ಮಾರನೆಯ ದಿನ ನನ್ನ ರಾಗಿ ಗಂಜಿಯ ಕೋಷ್ಟಕದ ಕೆಳಗೆ ಅವಳ ಧ್ವನಿ ಬಂತು. “ಏ ಮಕ್ಳಾ, ಕೇಳುಸ್ತಾ? ಬ್ಯಾರನ್ ತಾವ ಒಂದು ಕಾಗೆ ಬಂದು ಕುಂತದೆ. ಒಂಟಿ ಕಣ್ಣಿನ್ ಕಾಗೆ. ಯಾವ್ ಮಗ ಬಾಯ್ ಮುಚ್ಕೊಂಡದೆ ಅಂತ ನೋಡ್ತಾ ಅದೆ. ಮುಚ್ಕೊಂಡಿರೋರ್ ತುತ್ತೆಲ್ಲ ಅದ್ರುದ್ದೇ. ಎಲ್ಲಿ, ಆ ಅನ್ರಿ. ಆ... ಇನ್ನೂ ದೊಡ್ಡದಾಗಿ.” ಹಿಂದಿನಿಂದ ಹೆಂಗಸರ ನಗು, ಎಲೆಯ ಸರಸರ ಸದ್ದು.

ರಾತ್ರಿಯೊಳಗೆ ಹದಿನೇಳು ಹೃದಯದ ಗುರುತು ಬಿದ್ದವು. ನಾನು ಎಣಿಸಿದೆ. ಒಬ್ಬಳು ತನ್ನ ಮಗ ಬಾಯಿ ತೆರೆದ ವಿಡಿಯೋ ಹಾಕಿದಳು, ಇನ್ನೊಬ್ಬಳು ನಾಳೆ ಕಾಗೆ ಏನು ಮಾಡುತ್ತದೆಂದು ಕೇಳಿದಳು. ಮದುವೆಯಾಗಿ ಪಿರಿಯಾಪಟ್ಟಣಕ್ಕೆ, ಕೆ.ಆರ್. ನಗರಕ್ಕೆ ಹೋದ ಹೆಣ್ಣುಮಕ್ಕಳು ನಂಬರು ಕಳಿಸಿ ಸೇರಿಸಿಕೊಳ್ಳಿ ಎಂದರು. ಎಚ್.ಡಿ. ಕೋಟೆಯ ಎನ್. ಬೇಗೂರಿನಿಂದ ಒಬ್ಬಳು, “ಬೀರಕ್ಕ ಮಾತಾಡೋ ಗುಂಪು ಇದೇನಾ?” ಎಂದು ನನ್ನನ್ನೇ ಕೇಳಿದಳು. ನಾನು ಮಾಡಿದ ಗುಂಪು ಹದಿನೈದು ದಿನದಲ್ಲಿ ಬೀರಕ್ಕ ಮಾತಾಡೋ ಗುಂಪಾಯಿತು.

ಅವಳಿಗೆ ಇಷ್ಟು ಜನ ಹೇಗೆ ಎಂದು ನಾನು ಅತ್ತೆಯನ್ನು ಕೇಳಿದೆ, ಬೇಳೆ ಆರಿಸುತ್ತಾ, ಏನೂ ಅಲ್ಲವೆಂಬಂತೆ. ಬೀರಮ್ಮ ಚುಂಚನಕಟ್ಟೆ ಕೆಳಗಿನ ಗದ್ದೆ ಸೀಮೆಯವಳು, ಹದಿನೇಳಕ್ಕೆ ಕಂಠಪ್ಪನನ್ನು ಮದುವೆಯಾಗಿ ಈ ಬೆದ್ದಲಿನ ಊರಿಗೆ ಬಂದಳು. ಬ್ಯಾರನ್ ಕಂಡವಳೇ ಅಲ್ಲ. ಮಕ್ಕಳಾಗಲಿಲ್ಲ. ಎಲೆ ಕಟ್ಟಲು ಬರುವ ತಾಯಂದಿರು ಹೊಂಗೆ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕೂಸುಗಳನ್ನು ಮಲಗಿಸುತ್ತಿದ್ದರು. ಕೂಸಿಲ್ಲದವಳು ಎಂದು ಜೋಲಿಗಳನ್ನು ನೋಡಿಕೊಳ್ಳುವುದು ಇವಳ ಪಾಲಿಗೆ ಬಂತು. ಜೋಲಿಯ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು, ಕೈಯಲ್ಲಿ ಎಲೆ ಕಟ್ಟುತ್ತಾ, ಕಾಲಿನಲ್ಲಿ ತೂಗುತ್ತಾ, ಬಾಯಲ್ಲಿ ಮಾತಾಡುತ್ತಲೇ ಇರುತ್ತಿದ್ದಳಂತೆ. ಎರಡು ಕಾಲಿಗೂ ಹಗ್ಗ. ಮೂರನೆಯ ಕೂಸು ಅತ್ತರೆ ಕಂಠಪ್ಪನನ್ನು ಕೂಗುವುದು.

“ನಿನ್ ಗುಂಪ್ನಲ್ಲಿ ಅವ್ರಲ್ಲ ತಾಯಂದ್ರು, ಅರ್ಧಕ್ಕರ್ಧ ಅವ್ಳ್ ಕಾಲ್ನಲ್ಲೇ ತೂಗುಸ್ಕೊಂಡ್ ಬೆಳ್ದೋರು,” ಎಂದರು ಅತ್ತೆ.

ನನಗೆ ಇನ್ನೂ ಸಂಕಟವಾಯಿತು. ಆ ಮೂವತ್ತು ವರ್ಷದ ಮುಂದೆ ನನ್ನ ಕೋಷ್ಟಕ ಏನು ಮಾಡೀತು? ಹೊಗೆಸೊಪ್ಪಿನ ಘಾಟಿನಲ್ಲಿ ಕೂಸುಗಳನ್ನು ಮಲಗಿಸುವುದು ಎಷ್ಟು ಅಪಾಯ ಎಂದು ಅತ್ತೆಗೆ ಹೇಳಿದೆ. ಅದು ನಿಜವಾದ ಮಾತೇ. ಆದರೆ ಆಗ ನಾನು ಹೇಳಿದ್ದು ಕೂಸುಗಳ ಸಲುವಾಗಿ ಅಲ್ಲ.

ಇದಕ್ಕಿಂತ ನಾಚಿಕೆಯ ವಿಷಯ ಒಂದಿದೆ. ಒಂದು ಮಧ್ಯಾಹ್ನ ಬೀರಮ್ಮನ ಧ್ವನಿ ಹಾಕಿಕೊಂಡು ಕೇಳುತ್ತಿದ್ದೆ, ಎಲ್ಲಿ ತಪ್ಪು ಹೇಳುತ್ತಾಳೆ ಎಂದು ಹುಡುಕಲು. ತೊಡೆಯ ಮೇಲಿದ್ದ ಚಿನ್ನು “ಆ” ಎಂದಳು. ತಟ್ಟೆ ಪಕ್ಕದಲ್ಲೇ ಇತ್ತು. ಒಂದು ತುತ್ತು ಇಟ್ಟೆ, ನುಂಗಿದಳು. ಆರು ತುತ್ತು ತಿಂದಳು. ಅಂದಿನಿಂದ ದಿನಾ ಕೋಣೆಯ ಬಾಗಿಲು ಹಾಕಿ, ಧ್ವನಿ ತಗ್ಗಿಸಿ, ಅದನ್ನು ಹಾಕಿಯೇ ಉಣಿಸುತ್ತಿದ್ದೆ. ಚಿನ್ನು ನನ್ನ ಮುಖ ನೋಡುತ್ತಿರಲಿಲ್ಲ. ಫೋನು ನೋಡಿ ಬಾಯಿ ತೆರೆಯುತ್ತಿದ್ದಳು. ತೂಕ ಇನ್ನೂರು ಗ್ರಾಂ ಏರಿತು. ಗುಂಪಿನಲ್ಲಿ ಅದನ್ನು ನನ್ನ ರಾಗಿ ಗಂಜಿಯ ಗುಣವೆಂದು ಬರೆದೆ.

ಯಾರೋ ಓದಿ ಹೇಳಿರಬೇಕು. ಅದಕ್ಕೆ ಬೀರಮ್ಮ, “ಒಳ್ಳೇದಾಯ್ತು ಕಣವ್ವ, ಗಂಜಿಗೆ ಒಸಿ ಉಪ್ಪಾಕು, ನಿನ್ ಅಡ್ಗೇಲಿ ಉಪ್ಪಿರಕಿಲ್ಲ ಅಂತಾಳೆ ನಿಮ್ಮತ್ತೆ,” ಎಂದಳು. ಇಪ್ಪತ್ತೊಂದು ಜನ ನಕ್ಕರು.

ನಾನು ತಡೆಯಲಾರದೆ ವೀರಮ್ಮನ ನಂಬರಿಗೆ ಒಂದರ ಹಿಂದೊಂದು ಮೂರು ಧ್ವನಿ ಕಳಿಸಿದೆ. ಗುಂಪಿಗಲ್ಲ, ಅವಳೊಬ್ಬಳಿಗೇ. ಆ ಬೀರಮ್ಮನಿಗೆ ಹೇಗಾದರೂ ಹೇಳಿ ಗುಂಪಿನಿಂದ ಹೊರಗೆ ಕಳಿಸು ಎಂದೆ. ಹೆತ್ತವಳಲ್ಲ ಹೊತ್ತವಳಲ್ಲ, ಮಕ್ಕಳ ಊಟದ ಬಗ್ಗೆ ಅವಳಿಗೇನು ಗೊತ್ತು ಎಂದೆ. ಗುಂಪು ಮಾಡಿದವಳು ನಾನು, ಮೆರೆಯುವವಳು ಅವಳು ಎಂದೂ ಹೇಳಿದೆ.

ಮಾರನೆಯ ದಿನ ವೀರಮ್ಮ ಅಂಗನವಾಡಿ ಮುಗಿಸಿ ನಮ್ಮ ಜಗಲಿಗೆ ಬಂದು ಕೂತಳು.

“ಏನಕ್ಕ ಮಾಡ್ಬುಟ್ರಿ. ನೆನ್ನೆ ರಜ ಅಂತ ನಾನೂ ಸೊಪ್ಪು ಕಟ್ಟಕೋಗಿದ್ದೆ. ಬೀರಕ್ಕನ ಫೋನ್ ಚಾರ್ಜ್ ಇರ್ಲಿಲ್ಲ, ನಂದೇ ಮೊಳೇಗಾಕಿದ್ರು. ಚಿನ್ನು ಪೋಟ ಕಾಣ್ತು. ಗುಂಪಿನ ಮೇಡಮ್ಮೋರು ಬಂದವ್ರೆ ಕೇಳ್ರಿ ಅಂತ ಕಂಠಪ್ಪಣ್ಣ ಒತ್ಬುಟ್ಟ. ಮೂರೂ ಆಡ್ಕೊಂಡೋಯ್ತು. ನಂಗೆ ಎದ್ದು ಓಡ್ಬರಾನ ಅಂದ್ರೆ ಕೈತುಂಬ ಅಂಟು.”

“ಅವಳು ಏನಂದಳು?”

“ಕಟ್ತಿದ್ದ ಕಡ್ಡಿ ಮುಗುಸುದ್ಲು, ಇನ್ನೊಂದ್ ತಕ್ಕೊಂಡ್ಲು.”

ಅಂದಿನಿಂದ ಬೀರಮ್ಮ ಮಾತಾಡಲಿಲ್ಲ. ಗುಂಪು ಬಿಟ್ಟೂ ಹೋಗಲಿಲ್ಲ. ಬಿಡುವುದು ಹೇಗೆಂದು ಕಂಠಪ್ಪನಿಗೆ ಗೊತ್ತಿರಲಿಲ್ಲವೇನೋ. ಉಳಿದವರೂ ಮೌನವಾದರು. ನಾನು ಹಾಕಿದ ಕೋಷ್ಟಕದ ಕೆಳಗೆ ಕೈಮುಗಿಯುವ ಗುರುತೂ ಬೀಳಲಿಲ್ಲ. ಮೊದಲ ದಿನ ನನಗೆ ಒಳಗೊಳಗೇ ಹಾಯೆನಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆಮೇಲೆ ಹಳೆಯ ಧ್ವನಿಗಳನ್ನೇ ಹಾಕಿ ಚಿನ್ನುವಿಗೆ ಉಣಿಸಿದೆ. ಮೂರು ದಿನ ನಡೆಯಿತು. ನಾಲ್ಕನೆಯ ದಿನ ಕಾಗೆ ಬರುವ ಮುಂಚೆಯೇ ಅವಳು ಫೋನನ್ನು ದೂಡಿ, ತುಟಿ ಬಿಗಿದು ಕೂತಳು. ಏಳನೆಯ ದಿನ ತಕ್ಕಡಿಯ ಮೇಲೆ ನಿಲ್ಲಿಸಿದರೆ ಏರಿದ್ದು ಇಳಿದಿತ್ತು. ಗೌರಿ ಹಬ್ಬಕ್ಕೆ ಹನ್ನೊಂದು ದಿನ ಉಳಿದಿತ್ತು.

ಮಗುವನ್ನು ಅತ್ತೆಯ ಬಳಿ ಬಿಟ್ಟು ನಾನು ಬ್ಯಾರನ್ನಿಗೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಹೋಗಿ ನಿಂತಾಗ ಇಪ್ಪತ್ತು ಜೊತೆ ಕಣ್ಣು ಮೇಲೆದ್ದವು. ಬೀರಮ್ಮ ತಲೆಯೆತ್ತಲಿಲ್ಲ. ಕುಳ್ಳಗೆ, ತೆಳ್ಳಗೆ, ಗಂಡನ ಹಳೆಯ ಅಂಗಿಯನ್ನು ಸೀರೆಯ ಮೇಲೆ ತೊಟ್ಟು ಕಾಲು ಚಾಚಿ ಕೂತಿದ್ದಳು. ಆ ಧ್ವನಿಗೆ ನಾನು ದೊಡ್ಡ ದೇಹವೊಂದನ್ನು ಊಹಿಸಿಕೊಂಡಿದ್ದೆ.

ನಿಲ್ಲುವುದಕ್ಕಾಗದೆ ಅವಳ ಪಕ್ಕ ಕೂತೆ. ಸುಮ್ಮನೆ ಕೂರುವುದಕ್ಕೂ ಆಗದೆ ಎಲೆಗೆ ಕೈಹಾಕಿದೆ.

“ಮೇಡಮ್ಮೋರೇ, ಕಡ್ಡಿ ಕಟ್ಟಕ್ಕೂ ಐದ್ ನಿಯಮ ಅವಾ?” ಎಂದು ಆಚೆಯಿಂದ ಒಬ್ಬಳು ಕೇಳಿದಳು.

“ಸುಮ್ನಿರ್ಲೇ,” ಎಂದಳು ಬೀರಮ್ಮ. ನನ್ನ ಕಡೆ ತಿರುಗದೆ, “ಜೋಡಿ ಜೋಡಿ ತಕ್ಕೊ. ಬೆನ್ನಿಗ್ ಬೆನ್ನು,” ಎಂದಳು. ಅಷ್ಟೇ.

ಮೂರು ಕಡ್ಡಿ ಕಟ್ಟುವಷ್ಟರಲ್ಲಿ ನನ್ನ ಕೈ ಕಪ್ಪಾಯಿತು. ಬೆರಳು ಬೆರಳಿಗೆ ಅಂಟಿತು. ಜೋಡಿಸಿಕೊಂಡು ಬಂದ ಮಾತು ಬಾಯಿಗೆ ಬರಲೇ ಇಲ್ಲ. ಅಷ್ಟರಲ್ಲಿ ಚೀಲದಲ್ಲಿದ್ದ ನನ್ನ ಫೋನು ಹೊಡೆದುಕೊಂಡಿತು. ಕೈಯನ್ನು ಅಸಹಾಯಕಳಾಗಿ ಎತ್ತಿ ಹಿಡಿದೆ. ಕಂಠಪ್ಪ ತನ್ನ ಬೂದಿ ಬೆರಳಿನಲ್ಲಿ ಒತ್ತಿ, ಅಭ್ಯಾಸದಂತೆ ಸ್ಪೀಕರಿಗೆ ಹಾಕಿ, ಚೀಲ ಸಮೇತ ಮೊಳೆಗೆ ತೂಗುಬಿಟ್ಟ.

ಅತ್ತೆಯ ಧ್ವನಿ ಚಪ್ಪರಕ್ಕೆಲ್ಲ ಕೇಳಿತು. “ಲೇ ಅಮ್ಮಿ, ಮಗ ಬಾಯ್ ಬುಡ್ತಿಲ್ಲ ಕಣೆ. ದಿನಾ ಬಾಗ್ಲಾಕ್ಕೊಂಡು ಬೀರಿ ಮಾತು ಹಾಕ್ಬುಟ್ಟು ಉಣ್ಣುಸ್ತೀಯಲ್ಲ, ಅದು ನನ್ ಫೋನ್ನಾಗೆ ಎಲ್ಲದೆ? ಯಾವ್ದು ಒತ್ಬೇಕು?”

ಎಲೆಯ ಸದ್ದು ನಿಂತಿತು. ಆಮೇಲೆ ಮೂಲೆಯಲ್ಲಿ ಯಾರೋ ಫಕ್ಕನೆ ನಕ್ಕರು, ಅದು ಸಾಲಿಗೆ ಹಬ್ಬಿತು. ಮುಖ ಮುಚ್ಚಿಕೊಳ್ಳಲು ನನಗೆ ಕೈಯೂ ಇರಲಿಲ್ಲ.

ಬೀರಮ್ಮ ಆಗ ಮೊದಲ ಬಾರಿ ನನ್ನನ್ನು ನೋಡಿದಳು.

“ಉಣ್ತದಾ?” ಎಂದಳು.

“ನಿಮ್ಮ ಮಾತಿದ್ದರೆ ಮಾತ್ರ.”

“ಗಂಜಿ ಗುಣ ಅಂದೆ?”

“ಸುಳ್ಳು ಬರೆದೆ.”

ಅವಳು ಮೊಳೆಯ ಕಡೆ ಕುತ್ತಿಗೆ ಚಾಚಿ ಕೂಗಿದಳು. “ಸುನಂದಕ್ಕ, ಫೋನ್ನ ಮಗಿನ ಮುಂದಿಕ್ಕು. ಏ ಚಿನ್ನು, ಆ ಒಂಟಿಗಣ್ಣಿನ್ ಕಾಗೆ ಏಳ್ ದಿನದಿಂದ ಕಾಣೆ ಕಣೆ. ಎಲ್ಲೋಯ್ತು ಗೊತ್ತಾ? ನಿಮ್ಮಟ್ಟಿ ಸೂರ್ನ ಮೇಲೆ ಕುಂತದೆ. ನಿನ್ ಬಾಯೇ ನೋಡ್ತಾ ಅದೆ. ಆ ಅನ್ನು.”

ಮೊಳೆಗೆ ತೂಗುತ್ತಿದ್ದ ಚೀಲದೊಳಗಿಂದ ನನ್ನ ಮಗಳ “ಆ” ಕೇಳಿಸಿತು. ಆಮೇಲೆ ಅತ್ತೆಯ ಬಳೆ, ತಟ್ಟೆಯ ಸದ್ದು. ಇನ್ನೊಂದು “ಆ”. ಹೆಂಗಸರು ತುತ್ತು ಎಣಿಸತೊಡಗಿದರು. ನಾಲ್ಕು, ಐದು. ನಾನು ಹೆತ್ತ ಮಗು ಮುಕ್ಕಾಲು ಮೈಲಿ ದೂರದಲ್ಲಿ ಬೇರೊಬ್ಬಳ ಮಾತಿಗೆ ಉಣ್ಣುತ್ತಿತ್ತು. ನಾನು ಕಪ್ಪು ಕೈಗಳನ್ನು ಮಡಿಲಿನಿಂದ ದೂರ ಹಿಡಿದು ಕೂತು ಕೇಳುತ್ತಿದ್ದೆ. ಸಂತೋಷವಾಯಿತು. ಅದೇ ಉಸಿರಿನಲ್ಲಿ, ಆ ಧ್ವನಿ ನನ್ನದಾಗಬಾರದಿತ್ತೇ ಎಂದು ಎದೆ ಉರಿಯಿತು.

ಹನ್ನೊಂದು ತುತ್ತಾದ ಮೇಲೆ ಕಂಠಪ್ಪ ಫೋನು ಆರಿಸಿದ.

“ಅವತ್ತು ಹಾಗೆ ಅನ್ನಬಾರದಿತ್ತು. ತಪ್ಪಾಯಿತು,” ಎಂದೆ.

“ಹೆತ್ತಿಲ್ಲ ಅನ್ನೋದು ನೀನ್ ಹೇಳಿ ನಂಗೆ ತಿಳೀಬೇಕಿತ್ತಾ? ಊರೇ ಹೇಳ್ತದೆ,” ಎಂದಳು ಬೀರಮ್ಮ, ದಾರ ಎಳೆಯುತ್ತಾ. “ಇಷ್ಟ್ ಓದ್ದೋಳು, ಎದ್ರುಗ್ ಬಂದು ಹೇಳ್ತಿಯ ಅನ್ಕೊಂಡಿದ್ದೆ. ಅದೇ ಬ್ಯಾಸರ.”

ನಾನು ಅವಳನ್ನೂ ಗುಂಪಿನ ಅಡ್ಮಿನ್ ಮಾಡುತ್ತೇನೆ ಎಂದೆ.

“ಅದಾದ್ರೆ ಏನ್ ಮಾಡ್ಬೇಕು?”

“ಯಾರನ್ನ ಬೇಕಾದರೂ ಸೇರಿಸಬಹುದು, ಯಾರನ್ನ ಬೇಕಾದರೂ ತೆಗೆಯಬಹುದು.”

“ತೆಗ್ಯೋದು ನಂಗ್ಯಾಕವ್ವ, ನೀನೇ ಇಟ್ಕೊ. ಈಗ ಕಡ್ಡಿ ಕಟ್ಟು, ಕತ್ಲಾಗೋಕ್ ಮುಂಚೆ ಗೂಡು ತುಂಬ್ಬೇಕು.”

ಸಂಜೆಯವರೆಗೆ ಕಟ್ಟಿದೆ. ಹುಣಸೆಹಣ್ಣು ಹಾಕಿ ತಿಕ್ಕಿದರೂ ಅಂಟು ಪೂರ್ತಿ ಹೋಗಲಿಲ್ಲ. ಆ ಕೈಯಲ್ಲಿ ಮಗುವನ್ನು ಮುಟ್ಟಬಹುದೇ ಎಂದು ಹೆದರಿ ಅಂದು ಚಿನ್ನುವನ್ನು ಎತ್ತಿಕೊಳ್ಳಲೇ ಇಲ್ಲ.

ಮಾರನೆಯ ಮಧ್ಯಾಹ್ನ ಗುಂಪಿಗೆ ಧ್ವನಿ ಬಂತು. ಈ ಸಲ ನಾನು ಬಾಗಿಲು ಹಾಕಲಿಲ್ಲ. ಅತ್ತೆ ಎದುರಿಗೇ ಕೂತಿದ್ದರು.

“ಏ ಮಕ್ಳಾ, ಕೇಳ್ರಿ. ನೆನ್ನೆ ನಮ್ ಬ್ಯಾರನ್‌ಗೆ ಹೊಸ ಆಳು ಬಂದಿತ್ತು. ಚಿನ್ನು ಅವ್ವ. ಹದಿನಾಲ್ಕು ಕಡ್ಡಿ ಕಟ್ಟುದ್ಲು. ಏರ್ಸೋಕೋದ್ರೆ ಹದಿಮೂರು ಉದುರೋದ್ವು. ಬೆಂಕಿ ಕೊಳವೆ ಮೇಲೆ ಬಿದ್ದಿದ್ರೆ ರುದ್ರಸ್ವಾಮಪ್ಪೋರ ಗೂಡೇ ಭಸ್ಮ ಆಗದು. ನಾನೂ ನಿಮ್ ತಾತ ಕಂಠಪ್ಪನೂ ಕುಂತ್ಕೊಂಡು ಎಲ್ಲಾನೂ ಬಿಚ್ಚಿ ಕಟ್ಟುದ್ವು. ನಾನೂ ಮೊದುಲ್ನೇ ವರ್ಸ ಅಂಗೇ ಕಟ್ಟಿದ್ದೆ ಬುಡ್ರಿ. ಕಾಗೆ ನೋಡಿ ನೋಡಿ ನಕ್ತು. ನಕ್ಕಾಗ ಅದ್ರ ಬಾಯ್ ಹೆಂಗಾಯ್ತು ಗೊತ್ತಾ?”

ಚಿನ್ನು ಫೋನಿನಿಂದ ಕಣ್ಣು ತೆಗೆಯದೆ ಬಾಯಿ ಅಗಲಿಸಿದಳು. ಅತ್ತೆ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಪರದೆಯ ಮೇಲೆ ನಗುವ ಮುಖಗಳು ಒಂದರ ಮೇಲೊಂದು ಏರುತ್ತಿದ್ದವು, ಮೂವತ್ತು, ಮೂವತ್ತೊಂದು. ನನ್ನ ಯಾವ ಕೋಷ್ಟಕಕ್ಕೂ ಅಷ್ಟು ಬಂದಿರಲಿಲ್ಲ. ಎಣಿಸುವುದನ್ನು ನಿಲ್ಲಿಸಿ, ಇನ್ನೂ ಕಪ್ಪುಗಟ್ಟಿದ ಉಗುರಿನ ಕೈಯಲ್ಲಿ ಚಮಚ ಹಿಡಿದು, ಆ ಬಾಯಿ ಮುಚ್ಚುವುದರೊಳಗೆ ತುತ್ತನ್ನು ಇಟ್ಟೆ.