ಗುರುವಾರ ಬರುತ್ತಿದ್ದ ಗುರಪ್ಪ

ಗುರಪ್ಪನ ಅಂಗೈ ಹೆಂಗಸರ ಅಂಗೈಗಿಂತ ಮೆತ್ತಗಿತ್ತು. ಪ್ರತಿ ಗುರುವಾರ ಸಂಜೆ ಆ ಕೈಯಲ್ಲಿ ಅಕ್ಕಲಕೋಟೆ ಮಠದ ಅಂಗಾರದ, ಪ್ರಸಾದದ ಬೂದಿಯ, ಪೊಟ್ಟಣ ಹಿಡಿದು ಸೋಲಾಪುರದ ನಮ್ಮ ಮನೆಗೆ ಬರುತ್ತಿದ್ದ. ಅದನ್ನು ಹಣೆಗೆ ಹಚ್ಚಿಕೊಂಡೇ ನಾನು ಉಪವಾಸ ಬಿಡುತ್ತಿದ್ದೆ. ನವಿ ಪೇಠೆಯ ಅರಿವೆ ಅಂಗಡಿಯಲ್ಲಿ ನಮ್ಮವರ ಜೊತೆ ಕೆಲಸಕ್ಕಿದ್ದವನು. ಯಾರಿಗೆ ಮೊಣಕಾಲು ನೋವು, ಯಾರ ಮಗಳಿಗೆ ವರ ನೋಡುತ್ತಿದ್ದಾರೆ, ಎಲ್ಲ ಅವನಿಗೆ ನೆನಪು. ಚಹಾ ಕೊಟ್ಟರೆ, "ಸಕ್ರಿ ಜಾಸ್ತಿ ಬ್ಯಾಡ್ರಿ ವೈನಿ, ನಿಮ್ಮ ಮಾತಿನಾಗ ಐತಿ" ಎನ್ನುವನು. ನಗುವುದೇ ಅಪರೂಪವಾದ ನಮ್ಮತ್ತೆಯೂ ನಗುತ್ತಿದ್ದರು.

ಎಪ್ಪತ್ತೈದನೇ ಇಸವಿಯ ಸುಮಾರಿಗೆ ಮಗಳು ಶಾಂತಾಳ ಮದುವೆ ಬೋರಾಮಣಿ ಊರಿನವರ ಕಡೆ ಗೊತ್ತಾಯಿತು. ಮದುಮಗಳ ಬಂಗಾರವನ್ನು ಅಕ್ಕಲಕೋಟೆ ಸ್ವಾಮಿಗಳ ಪಾದುಕೆಗೆ ಮುಟ್ಟಿಸಿ, ಅರಿಶಿನ ಹಚ್ಚಿ, ಹಳದಿ ಬಟ್ಟೆಯಲ್ಲಿ ಕಟ್ಟಿ ತಂದು ದೇವರ ಜಗುಲಿಯ ಮೇಲಿಡುವುದು ನಮ್ಮ ಪದ್ಧತಿ. ಮದುವೆಯ ಮುಂಜಾನೆವರೆಗೆ ಗಂಟು ಬಿಚ್ಚುವಂತಿಲ್ಲ.

"ನೀವ್ಯಾಕ ಬಸ್ಸಿನಾಗ ಧಕ್ಕಾ ತಿಂತೀರಿ? ನಾ ಹೊಂಟೀನಲ್ಲ, ಕೊಡ್ರಿ. ನಮ್ಮ ಶಾಂತಾನ ಲಗ್ನ ಅಲ್ಲೇನು?" ಎಂದ ಗುರಪ್ಪ.

ಶಾಂತಾಳಿಗೆ ಮಾಡಿಸಿದ್ದ ನಾಲ್ಕು ಪಾಟಲಿ, ಬಂಗಾರದ ಬಳೆ, ಆ ಮೆತ್ತನೆ ಕೈಗೆ ಕೊಟ್ಟೆ. ಸಂಜೆ ಗಂಟು ತಂದ. ಕೈಮುಗಿದು ಜಗುಲಿಯ ಮೇಲಿಟ್ಟೆ.

ಮದುವೆಯ ಮುಂಜಾನೆ ಬಿಚ್ಚಿ ಅರಿಶಿನ ಒರೆಸಿದರೆ ಹೊಳಪೂ ಬಟ್ಟೆಗೆ ಬಂತು, ಒಳಗೆ ಹಿತ್ತಾಳೆ. ಹೊರಗೆ ಬೀಗರು ಕೂತಿದ್ದರು. ಬಾಯಿ ಬಿಟ್ಟರೆ ಲಗ್ನ ನಿಲ್ಲುತ್ತದೆ. ನನ್ನ ಕೈಯ ಪಾಟಲಿ ತೆಗೆದು ಶಾಂತಾಳಿಗೆ ಹಾಕಿದೆ.

"ಅವ್ವಾ, ನಿನ್ನವು ಯಾಕ?"

"ಅತ್ತಿ ಕೈಯಾನವು ನನಗ ಬಂದ್ವು, ನನ್ನವು ನಿನಗ. ಸುಮ್ಮ ಕೈ ಚಾಚು."

ಗುರಪ್ಪ ಬಂದಿದ್ದ. ಪಂಕ್ತಿಯಲ್ಲಿ ತುಪ್ಪ ಬಡಿಸಿದ. "ಇನ್ನೊಂದೀಟು ಹಾಕ್ಸಿಕೊಳ್ರಿ ವೈನಿ, ಸೊರಗೀರಿ" ಎಂದ. ಹಾಕಿಸಿಕೊಂಡೆ. ಮಗಳನ್ನು ಕಳಿಸುವಾಗ ಎಲ್ಲರಿಗಿಂತ ಹೆಚ್ಚು ಅತ್ತವನು ಅವನೇ. ಆ ಕಣ್ಣೀರು ಸುಳ್ಳೆಂದು ಈಗಲೂ ಹೇಳಲಾರೆ. ದಿಬ್ಬಣ ಹೋದ ಮೇಲೆ ನಮ್ಮವರಿಗೆ ಹೇಳಿದೆ. ಅವರು ಹುಡುಕಿಕೊಂಡು ಹೋಗುವಷ್ಟರಲ್ಲಿ ಅವನ ಖೋಲಿಗೆ ಬೀಗ. ಲಗ್ನ ನಡೆಯಿತು, ಬೀಗರಿಗೆ ಗೊತ್ತಾಗಲಿಲ್ಲ. ದೇವರು ಅಷ್ಟು ಉಳಿಸಿದ.

ಎರಡು ವರ್ಷದ ಮೇಲೆ ವಳಸಂಗದಲ್ಲಿ ಇಂಥದೇ ಗಂಟಿನ ಕೆಲಸದಲ್ಲಿ ಸಿಕ್ಕಿಬಿದ್ದ. ಸೋಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಪೊಲೀಸರ ನಡುವೆ ಕೂತಿದ್ದ, ಕೈಗೆ ಬೇಡಿ. ನನ್ನನ್ನು ಕಂಡು ತಲೆ ತಗ್ಗಿಸುತ್ತಾನೆಂದುಕೊಂಡೆ. ಎದ್ದು ನಿಂತ.

"ವೈನಿ! ಶಾಂತಾ ಆರಾಮ ಅದಾಳೇನ್ರಿ?"

"ಗಂಡು ಹಡದಾಳ."

ಅವನ ಮುಖ ನಿಜವಾಗಿಯೂ ಅರಳಿತು. ಆಮೇಲೆ ನನ್ನ ಕೈ ನೋಡಿದ.

"ಬರೇ ಗಾಜಿನ ಬಳಿ ಹಾಕ್ಕೊಂಡೀರಿ? ನಿಮ್ಮ ಪಾಟಲಿ ಎಲ್ಲದಾವ್ರಿ? ಹಿಂಗ ಚಂದ ಕಾಣಂಗಿಲ್ಲ."

ನನಗೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಅಂದು ಗುರುವಾರ, ಅಕ್ಕಲಕೋಟೆಗೆ ನಾನೇ ಹೋಗಿ ಬಂದಿದ್ದೆ. ಚೀಲದಿಂದ ಅಂಗಾರ ತೆಗೆದೆ. ಬೇಡಿಯ ಸಮೇತ ಎರಡೂ ಅಂಗೈ ಚಾಚಿದ.

ಕೈಗೆ ಕೊಡಲಿಲ್ಲ. ಅವನ ಹಣೆಗೆ ಹಚ್ಚಿ ಬಂದೆ.