ಮನೆ ನೋಡಲು ಬಂದವರ ಮುಂದೆ ನಾನಾಡಿದ ಮಾತು

ಅತ್ತಿಗೆ, ಅರಸೀಕೆರೆಯ ಮನೆಯನ್ನು ನೋಡಲು ಬಂದವರ ಮುಂದೆ ನಿಮ್ಮನ್ನು ಅಡಿಗೆಯವರು ಎಂದು ಹೇಳಿದವಳು ನಾನು. ಬಾಯಿತಪ್ಪಿ ಬಂದ ಮಾತಲ್ಲ ಅದು. ಗೊತ್ತಿದ್ದೇ ಹೇಳಿದ್ದು — ಹೇಳುವ ಮೊದಲು ಒಂದು ಸಲ ನಿಮ್ಮ ಮುಖ ನೋಡಿಯೂ ಹೇಳಿದ್ದು. ಆಗ ಸಂದರ್ಭ ಹಾಗಿತ್ತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಈಗ ಅದನ್ನು ಹೇಳಿಕೊಳ್ಳಲೂ ಸಾಕಾಗಿಹೋಗಿದೆ.

ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ನಿಮ್ಮ ತಮ್ಮ — ನನ್ನ ಯಜಮಾನರು — ಹಾಸನದ ಕೆಲಸಕ್ಕೆ ದಿನಾ ರೈಲಿನಲ್ಲಿ ಓಡಾಡಿ ಸೊಂಟ ಬಿದ್ದುಹೋದ ಹಾಗೆ ಆಗಿದ್ದರು. ಈ ಮನೆ ಮಾರಿ ಅಲ್ಲೇ ಒಂದು ಚಿಕ್ಕದು ತೆಗೆದುಕೊಳ್ಳೋಣ ಎಂದರು. ಮಾವನವರು ಬದುಕಿದ್ದಾಗಲೇ ಮನೆಯನ್ನು ನಿಮ್ಮ ತಮ್ಮನ ಹೆಸರಿಗೆ ಮಾಡಿಸಿದ್ದರು. ಆದರೆ ಕಣ್ಣು ಮುಚ್ಚುವ ಮೊದಲು ನಮ್ಮಿಬ್ಬರನ್ನೂ ಹತ್ತಿರ ಕರೆದು, "ಶಾರದ ಇರೋಗಂಟ ಅಡಿಗೆಮನೆ ಪಕ್ಕದ ಕೋಣೆ ಅವಳ್ದು ಕಣಮ್ಮ" ಎಂದಿದ್ದರು. ಗಂಡ ಬಿಟ್ಟು ತವರಿಗೆ ಬಂದ ನಿಮಗೆ ಇದ್ದ ಆಸರೆ ಆ ಮಾತೊಂದೇ. ಆಗಲಿ ಮಾವಾ ಎಂದು ತಲೆಯಾಡಿಸಿದವಳು ನಾನು.

ಮನೆ ಮಾರಾಟಕ್ಕಿದೆ ಎಂದು ಊರಿಗೆ ಗೊತ್ತಾದ ಮೇಲೆ ಅದು ನಮ್ಮ ಮನೆಯಾಗಿ ಉಳಿಯಲಿಲ್ಲ. ದಲ್ಲಾಳಿ ಶಿವಣ್ಣ ಹೇಳದೆ ಕೇಳದೆ ಜನ ಕರೆತರುತ್ತಿದ್ದ. ರೈಲು ಇಳಿದವರು ನೆಟ್ಟಗೆ ನಮ್ಮ ಬಾಗಿಲಿಗೆ. ಮಕ್ಕಳು ಉಣ್ಣುತ್ತಿದ್ದರೆ ತಟ್ಟೆ ಸಮೇತ ಎಬ್ಬಿಸಬೇಕು, ಹಾಸಿಗೆ ಸುತ್ತಿಡಬೇಕು, ಒದ್ದೆ ಬಟ್ಟೆ ಕಣ್ಣಿಗೆ ಬೀಳಬಾರದು. ಗೋಡೆ ತಟ್ಟಿ ನೋಡುವವರು, ಚಪ್ಪಲಿ ಮೆಟ್ಟಿಕೊಂಡೇ ದೇವರ ಕೋಣೆಗೆ ತಲೆ ಹಾಕುವವರು, ಕೊಬ್ಬರಿಗೆಂದು ಕಾಯಿ ತುಂಬಿದ್ದ ಅಟ್ಟ ಹತ್ತಿ ತೊಲೆ ಬಗ್ಗಿದೆಯಲ್ಲ ಎಂದು ಮೂಗು ಮುರಿಯುವವರು. ಒಬ್ಬಾಕೆಯಂತೂ ನನ್ನ ಬೀರುವಿನ ಬಾಗಿಲನ್ನೇ ತೆಗೆದು ನೋಡಿದಳು. ಬೀರು ಮಾರಕ್ಕಿಟ್ಟಿಲ್ಲ ತಾಯಿ, ಎಂದೆ. ಅವಳು ನಕ್ಕಳು, ನನಗೆ ನಗು ಬರಲಿಲ್ಲ. ಜೀವ ಹಣ್ಣಾಗಿತ್ತು ನನಗೆ. ಬೆಳಿಗ್ಗೆ ಗುಡಿಸಿದ್ದನ್ನು ಮಧ್ಯಾಹ್ನ ಗುಡಿಸು, ಮಧ್ಯಾಹ್ನ ಒರೆಸಿದ್ದನ್ನು ಸಂಜೆ ಒರೆಸು... ನೀವು ಮಾತ್ರ ಬಂದವರನ್ನು ಬಾಯಿ ಒಣಗಿಸಿ ಕಳಿಸಬಾರದು ಎಂದು ಕಾಫಿ ಮಾಡಿ ತರುತ್ತಿದ್ದಿರಿ. ಮನೆ ಬೇಡ ಎಂದವರಿಗೂ ನಿಮ್ಮ ಕಾಫಿ ಇತ್ತು.

ಮಾತು ಕುದುರಿಸಿ ಹೋದವರು ಮತ್ತೆ ಮತ್ತೆ ಹಿಂದೆ ಸರಿದಾಗ ಶಿವಣ್ಣ ನನ್ನನ್ನು ಪಕ್ಕಕ್ಕೆ ಕರೆದ. "ಅಕ್ಕಾವ್ರೆ, ಬೇಜಾರು ಮಾಡ್ಕಬ್ಯಾಡಿ. ಮನೆ ಮಗಳು ಮನೇಲೇ ಅವ್ರೆ ಅಂದ್ರೆ ಯಾರೂ ಮುಂದೆ ಬರಕಿಲ್ಲ. ನಾಳೆ ಕೋರ್ಟು ಗೀರ್ಟು ಅಂತ ತಕರಾರು ತೆಗೆದ್ರೆ ಅಂತ ಹೆದರ್ತಾರೆ. ಪಾರ್ಟಿ ಬಂದಾಗ ಆಯಮ್ಮನ್ನ ಎತ್ತಲಾಗಾದ್ರೂ ಕಳಿಸ್ಬಿಡಿ."

ಕಳಿಸಿದೆ. ಯಾರಾದರೂ ಬರುತ್ತಾರೆ ಎಂದರೆ ಸಾಕು, ನಿಮ್ಮನ್ನು ಪಕ್ಕದ ಮನೆಗೆ ಅಟ್ಟುತ್ತಿದ್ದೆ. ಮೊದಮೊದಲು, ಸ್ವಲ್ಪ ಹೊತ್ತು ಕೂತಿದ್ದು ಬನ್ನಿ ಅತ್ತಿಗೆ, ಎನ್ನುತ್ತಿದ್ದೆ. ಆಮೇಲಾಮೇಲೆ ಬರೀ ಕಣ್ಸನ್ನೆ. ಯಾಕೆ ಎಂದು ನೀವು ಕೇಳಲಿಲ್ಲ. ಕೇಳಿದ್ದರೆ — ಇಲ್ಲ, ಕೇಳಿದ್ದರೂ ನಿಜ ಹೇಳುತ್ತಿರಲಿಲ್ಲ ನಾನು.

ಆಮೇಲೆ ಬಿಕ್ಕೋಡಿನ ಕಡೆಯ ದಂಪತಿ ಬಂದರು. ಗಂಡ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದು ಕೆಲಸ ಬಿಟ್ಟವರು. ಹೆಂಡತಿಗೆ ವಿಪರೀತ ಮಂಡಿನೋವು. ಆಸ್ಪತ್ರೆ, ಸ್ಟೇಷನ್ನು ಎಲ್ಲ ಹತ್ತಿರ ಎಂದು ಅವರಿಗೆ ಮನೆ ಹಿಡಿಸಿಬಿಟ್ಟಿತು. ಆಕೆ ನಡುಮನೆಯ ಬೆಂಚಿನ ಮೇಲೆ ಕೂತು, ಸಾಮಾನು ಎಲ್ಲೆಲ್ಲಿ ಇಡುವುದು ಎಂದು ಗಂಡನಿಗೆ ಹೇಳತೊಡಗಿದ್ದರು. ಅಷ್ಟರಲ್ಲಿ ನೀವು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿದ್ದಿರಿ. ನನ್ನ ತಲೆಗೆ ಕಾಫಿ ಹೊಳೆದಿರುವುದಿಲ್ಲ ಎಂದು ನಿಮಗೆ ಗೊತ್ತಿತ್ತು. ಮಾಡಿ, ತಟ್ಟೆಯಲ್ಲಿ ಲೋಟ ಇಟ್ಟುಕೊಂಡು ನಡುಮನೆಗೇ ಬಂದಿರಿ.

"ಇವರು?" ಎಂದರು ಆಕೆ.

ನಿಮ್ಮ ತಮ್ಮ ಬಾಯಿ ತೆರೆದರು. ನಾನು ಬಿಡಲಿಲ್ಲ.

"ಅಡಿಗೆಗೆ ಇದ್ದಾರೆ" ಎಂದೆ. "ಮನೆಯವರ ಥರಾನೇ."

ತಟ್ಟೆ ಅಲುಗಲಿಲ್ಲ. ನೀವು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಗ್ಗಿ ಲೋಟ ಕೊಟ್ಟು, "ಸಕ್ಕರೆ ಸಾಕೇನು ಅಮ್ಮಾವ್ರೆ?" ಎಂದಿರಿ. ಆ ಅಮ್ಮಾವ್ರೆ — ನೀವು ಯಾರನ್ನೂ ಹಾಗೆ ಕರೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಕಾಫಿ ಚೆನ್ನಾಗಿ ಮಾಡಿದೀಯ ಕಣಮ್ಮ" ಎಂದರು ಆಕೆ. "ನನ್ ಕೈಲಿ ನಿಂತ್ಕಂಡು ಬೇಯ್ಸಕ್ಕೆ ಆಗಲ್ಲ. ನಾವು ಈ ಮನೆ ತಗಂಡ್ರೆ ನೀನು ಇಲ್ಲೇ ಇದ್ಬಿಡ್ತೀಯಾ?"

"ಇರ್ತೀನಿ" ಎಂದಿರಿ.

ನನ್ನ ಮಾತು ಉಳಿಸಲು ಹಾಗೆಂದಿರಿ ಎಂದುಕೊಂಡೆ ನಾನು. ಒಳಗೊಳಗೇ ಮೆಚ್ಚಿಕೊಂಡೆ ಕೂಡ. ಎಂಥ ಹೆಂಗಸು ನಾನು.

ವ್ಯವಹಾರ ಕುದುರಿತು. ನಾವು ಸಾಮಾನು ಕಟ್ಟತೊಡಗಿದೆವು. ನಿಮ್ಮ ಟ್ರಂಕು ಮಾತ್ರ ಇದ್ದಲ್ಲೇ ಇತ್ತು. ಕೇಳಿದ್ದಕ್ಕೆ, "ನಾನು ಹಾಸನಕ್ಕೆ ಬರಲ್ಲ ಕಣೇ, ಆಯಮ್ಮಂಗೆ ಮಾತು ಕೊಟ್ಟಿದೀನಿ" ಎಂದಿರಿ, ಸೊಪ್ಪು ಸೋಸುತ್ತ, ತಲೆ ಎತ್ತದೆ. ನಿಮ್ಮ ತಮ್ಮ ಚಿಕ್ಕ ಮಕ್ಕಳ ಹಾಗೆ ಅತ್ತರು. ಈಗಲೇ ಹೋಗಿ ಅವರಿಗೆ ನಿಜ ಹೇಳಿಬಿಡುತ್ತೇನೆ ಎಂದು ಚಪ್ಪಲಿ ಮೆಟ್ಟಿದರು. ನಾನು ಬಾಗಿಲಿಗೆ ಅಡ್ಡ ನಿಂತೆ. ರಿಜಿಸ್ಟ್ರಿ ಆಗಲಿ, ಆಮೇಲೆ ಹೇಳಿದರಾಯಿತು, ಎಂದೆ. ಮತ್ತೆ ಮೊದಲಿನಿಂದ ಗುಡಿಸಿ, ಒರೆಸಿ, ಇನ್ನೊಬ್ಬರಿಗೆ ತೋರಿಸುವುದು ನನ್ನಿಂದ ಆಗುವುದಿಲ್ಲ ಎಂದೆ. ರಿಜಿಸ್ಟ್ರಿ ಆಯಿತು. ಹೇಳುವುದು ಆಗಲಿಲ್ಲ.

ಇನ್ನೊಂದನ್ನೂ ಹೇಳಿಬಿಡಬೇಕು. ಹಾಸನದಲ್ಲಿ ನಾವು ನೋಡಿದ್ದ ಮನೆ ಚಿಕ್ಕದು. ನಿಮ್ಮನ್ನು ಎಲ್ಲಿ ಮಲಗಿಸುವುದು ಎಂದು ನಾನು ಲೆಕ್ಕ ಹಾಕುತ್ತಲೇ ಇದ್ದೆ. ಲಾರಿ ಹೊರಟಾಗ ನೀವು ಜಗಲಿಯ ಮೇಲೆ ನಿಂತಿದ್ದಿರಿ — ನನಗೆ ಅಳು ಬರಲಿಲ್ಲ ಅತ್ತಿಗೆ, ಹಗುರವಾಯಿತು. ಅವತ್ತು ನಿಜವಾಗಿಯೂ ಹಗುರವಾಯಿತು.

ಆ ವರ್ಷದ ಗೌರಿಹಬ್ಬಕ್ಕೆ ಬಾಗಿನ ಹಿಡಿದುಕೊಂಡು ಬಂದೆ. ತವರಿನ ಬಾಗಿನ, ನಿಮ್ಮ ತವರುಮನೆಗೇ, ಹೊರಗಿನಿಂದ. ಬಾಗಿಲು ತೆರೆದ ಆಕೆ ನನ್ನನ್ನು ಕೂರಿಸಿ, ಮೆಲ್ಲಗೆ ಹೇಳಿದರು: "ಅವರು ನಿಮ್ಮ ಯಜಮಾನ್ರ ಅಕ್ಕ ಅಂತ ಪಕ್ಕದ ಮನೆಯೋರು ಹೇಳಿದ್ರು. ಹೌದೇನ್ರೀ ಅಂತ ಅವರನ್ನೇ ಕೇಳ್ದೆ. ‘ಅವಳು ಹೇಳಿದ್ದು ಸುಳ್ಳೇನಲ್ಲ, ಇಷ್ಟು ವರ್ಷ ಇಲ್ಲಿ ಅಡಿಗೇನೇ ತಾನೆ ಮಾಡಿದ್ದು’ ಅಂದ್ರು." ಜರೆಯುವ ದನಿಯಲ್ಲ ಅದು. ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಆಡಿ ಬಚಾವಾಗುತ್ತಿದ್ದೆನೇನೋ. ಆಕೆ ನಿಮ್ಮನ್ನು ಬಹುವಚನದಲ್ಲಿ ಕರೆಯುತ್ತಿದ್ದುದನ್ನೂ ಗಮನಿಸಿದೆ.

ನೀವು ಬಂದಿರಿ. ಬಾಗಿನ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಿರಿ. ಮಕ್ಕಳು ಓದುತ್ತಿದ್ದಾರಾ, ತಮ್ಮನ ಸೊಂಟ ಹೇಗಿದೆ ಎಂದೆಲ್ಲ ಕೇಳಿದಿರಿ. "ಕೂತಿರು, ಕಾಫಿ ತತ್ತೀನಿ" ಎಂದು ಒಳಗೆ ಹೋಗಿ, ತಂದುಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಲೋಟಕ್ಕಾಗಿ ಕಾಯುತ್ತ ಬಾಗಿಲ ಹತ್ತಿರ ನಿಂತಿರಿ. ನಾನು ಕೂತೇ ಕುಡಿದೆ. ತಪ್ಪಾಯಿತು ಎನ್ನಬೇಕಿತ್ತು — ಬಸ್ಸಿಗೆ ಹೊತ್ತಾಯಿತು, ಬರುತ್ತೇನೆ, ಎಂದು ಎದ್ದೆ. ಮುಂದಿನ ವರ್ಷದಿಂದ ಬಾಗಿನವನ್ನು ನಿಮ್ಮ ತಮ್ಮನ ಕೈಯಲ್ಲೇ ಕಳಿಸುತ್ತ ಬಂದೆ.

ದಣಿದಿದ್ದೆ ಎನ್ನಬಹುದು. ದಣಿದಿದ್ದೆ, ಸುಳ್ಳಲ್ಲ. ನೀವೂ ದಣಿದಿದ್ದಿರಿ, ನೀವು ಯಾರನ್ನೂ ಮನೆಯಿಂದ ಆಚೆ ಹಾಕಲಿಲ್ಲ.

ಈ ಸಲದ ಹಬ್ಬಕ್ಕೆ ನಾನೇ ಬರುತ್ತೇನೆ. ಮನೆ ಕೊಂಡ ಆ ಅಮ್ಮನನ್ನೂ ಕರೆದು ಕೂರಿಸಿಕೊಂಡು, ಈ ಮನೆಯ ಮಗಳನ್ನು ನಾನು ಏನೆಂದು ಕರೆದೆ, ಯಾಕೆ ಕರೆದೆ, ಎಲ್ಲ ಹೇಳುತ್ತೇನೆ. ನೀವು ಕ್ಷಮಿಸಬೇಕಾಗಿಲ್ಲ. ಕಾಫಿಗೆಂದು ಏಳಬೇಡಿ ಅತ್ತಿಗೆ, ನೀವು ಕೂತಿರಿ. ನಾನು ನಿಂತುಕೊಂಡೇ ಹೇಳುತ್ತೇನೆ.